ಹಿಂದಿನ ಗಾಜು ತೆಗೆದು ಪ್ಲಾಸ್ಟಿಕ್ ಹಾಕೋದು: ಕುರ್ಲಾ, ಡೊಂಬಿವಲಿ, ತಳೋಜಾ ಮತ್ತು ನಾಲ್ಕು ಕಿಲೋ ತೂಕದ ಕಥೆ

ಐರೋಲಿ, ಮಹಾಪೆ ಕಡೆ ಆಫೀಸು, ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಖಾರ್ಘರ್‌ನಲ್ಲೋ ಮನೆ ಇರೋ ನಮ್ಮ ಕನ್ನಡದ ಹುಡುಗರಲ್ಲಿ ಕಾರಿನ ಹುಚ್ಚು ಇರೋರು ಕಡಿಮೆ ಏನಿಲ್ಲ. ಹಳೇ ಕಾರು ಒಂದನ್ನ ಕೊಂಡು, ಹಿಂದಿನ ಸೀಟು ಕಿತ್ತು, ಕಾರ್ಪೆಟ್ ಕಿತ್ತು, ಆಮೇಲೆ "ಹಿಂದಿನ ಗಾಜನ್ನೂ ತೆಗೆದು ಪಾಲಿಕಾರ್ಬೊನೇಟ್ ಹಾಕಿದ್ರೆ ಹೇಗೆ?" ಅನ್ನೋ ಪ್ರಶ್ನೆಗೆ ಬಂದು ನಿಲ್ತಾರೆ. ಇವತ್ತಿನ ಮಾತು ಆ ಒಂದು ಪ್ರಶ್ನೆಯ ಇತಿಹಾಸ. ಇದರಲ್ಲಿ ಬೆಂಗಳೂರು ಬರುತ್ತೆ, ಸರ್ ಎಂ. ವಿಶ್ವೇಶ್ವರಯ್ಯ ಬರ್ತಾರೆ, ವೈಟ್‌ಫೀಲ್ಡ್ ಬರುತ್ತೆ. ಕೊನೆಗೆ ಹಾವೇರಿ ಹತ್ತಿರದ ಒಂದು ರಾತ್ರಿಯೂ ಬರುತ್ತೆ.

ಮೊದಲು ಕಾರಿನಿಂದಲೇ ಶುರು ಮಾಡೋಣ. ಮುಂಬೈ ಕಡೆಯ ಕಾರು ಅಂದ್ರೆ ನಮ್ಮ ಹಿಂದಿನ ತಲೆಮಾರಿಗೆ ಪ್ರೀಮಿಯರ್ ಪದ್ಮಿನಿ, ಅದಕ್ಕೂ ಮೊದಲು ಅದೇ ಕಾರು ಫಿಯೆಟ್. ಅದನ್ನ ಮಾಡಿದ್ದು ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್. ಆ ಕಂಪನಿ ಕಟ್ಟಿದ್ದು ವಾಲ್ಚಂದ್ ಹೀರಾಚಂದ್, ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದಲ್ಲಿ. ಸೊಲ್ಲಾಪುರದ ಪೇಟೆಯಲ್ಲಿ ಇವತ್ತಿಗೂ ಕನ್ನಡ ಮಾತಾಡಿ ವ್ಯಾಪಾರ ಮುಗಿಸಬಹುದು ಅನ್ನೋದು ನಿಮಗೆಲ್ಲ ಗೊತ್ತು.

ಈಗ ನಮ್ಮವರಿಗೆ ಹೊಟ್ಟೆ ಉರಿಸೋ ಒಂದು ವಿಷಯ. ಆ ಕಾರ್ಖಾನೆ ಬೆಂಗಳೂರಿಗೆ ಬರಬೇಕಾಗಿತ್ತು. 1930ರ ದಶಕದ ಮಧ್ಯದಲ್ಲಿ ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕಾ ಸುತ್ತಿ, ಕಾರು ಕಾರ್ಖಾನೆಗಳನ್ನ ಕಣ್ಣಾರೆ ನೋಡಿ, ಭಾರತದಲ್ಲಿ ಕಾರು ತಯಾರಿಸೋ ಯೋಜನೆ ಬರೆದರು. ಅದನ್ನ ಕೈಗೆತ್ತಿಕೊಂಡ ಉದ್ಯಮಿ ವಾಲ್ಚಂದ್. ಮೈಸೂರು ಸಂಸ್ಥಾನ ನೆರವು ಕೊಡೋಕೆ ತಯಾರಿತ್ತು. ಬ್ರಿಟಿಷ್ ಭಾರತ ಸರ್ಕಾರ ಅಡ್ಡ ಬಂತು, ಸಂಸ್ಥಾನದ ನೆರವು ನಿಂತಿತು. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ನೋಂದಣಿ ಆದದ್ದು ಮುಂಬೈನಲ್ಲಿ. ಮೊದಲು ಕ್ರೈಸ್ಲರ್ ಕಂಪನಿಯ ಡಾಜ್, ಪ್ಲಿಮತ್ ಗಾಡಿಗಳು, 1951ರಿಂದ ಫಿಯೆಟ್, 1964ರಲ್ಲಿ ಫಿಯೆಟ್ 1100 ಡಿಲೈಟ್, 1970ರ ದಶಕದಲ್ಲಿ ಅದಕ್ಕೇ ಪದ್ಮಿನಿ ಅಂತ ಹೆಸರು. 2000ದವರೆಗೂ ಅದು ಬಂತು. ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ಮುಂಬೈ ರಸ್ತೆ ಬಿಟ್ಟದ್ದು 2023ರ ಅಕ್ಟೋಬರ್‌ನಲ್ಲಿ.

ಕಾರು ಕೈತಪ್ಪಿತು, ಆದರೆ ಅದೇ ವಾಲ್ಚಂದ್ ಬೆಂಗಳೂರಿಗೆ ಬೇರೆ ಒಂದನ್ನ ತಂದರು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಮೈಸೂರು ಸರ್ಕಾರ ಹಣ ಹಾಕಿತು, ಜಾಗ ಕೊಟ್ಟಿತು. ಯುದ್ಧದ ಮಧ್ಯೆ 1942ರಲ್ಲಿ ಭಾರತ ಸರ್ಕಾರ ವಾಲ್ಚಂದ್ ಪಾಲನ್ನ ಕೊಂಡುಕೊಂಡಿತು. ಇವತ್ತು ನಾವು ಎಚ್‌ಎಎಲ್ ಅನ್ನೋದು ಅದನ್ನೇ.

ವಿಮಾನದ ವಿಷಯ ಇಲ್ಲಿ ಯಾಕೆ ತಂದೆ? ನಮ್ಮ ಕಥೆಯ ಪ್ಲಾಸ್ಟಿಕ್ ಮೊದಲು ಬೇಕಾದದ್ದು ವಿಮಾನಕ್ಕೆ, ಅದಕ್ಕೇ. 1930ರ ದಶಕದಲ್ಲಿ ಎರಡು ಕಡೆ ಒಂದೇ ಹೊತ್ತಿಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ತಯಾರಾಯ್ತು. ಇಂಗ್ಲೆಂಡಿನ ಐಸಿಐ ಕಂಪನಿ ಅದಕ್ಕೆ ಪರ್ಸ್ಪೆಕ್ಸ್ ಅಂತ ಹೆಸರಿಟ್ಟಿತು, ಜರ್ಮನಿಯ ಓಟೊ ರೋಮ್ 1933ರಲ್ಲಿ ಪ್ಲೆಕ್ಸಿಗ್ಲಾಸ್ ಅಂತ ಹೆಸರಿಟ್ಟರು. ಗಾಜಿನ ಅರ್ಧಕ್ಕಿಂತ ಕಡಿಮೆ ತೂಕ, ಬಿಸಿ ಮಾಡಿದರೆ ಬೇಕಾದ ಹಾಗೆ ಬಗ್ಗುತ್ತೆ. ಸ್ಪಿಟ್‌ಫೈರ್ ವಿಮಾನದ ಪೈಲಟ್ ತಲೆ ಮೇಲಿನ ಗುಮ್ಮಟ ಇದರಿಂದಲೇ ಆಗಿದ್ದು. ಯುದ್ಧ ಮುಗಿದ ಮೇಲೆ ಈ ಹಾಳೆಗಳೂ, ಅದನ್ನ ಬಗ್ಗಿಸೋ ಕಸುಬುದಾರರೂ, ಖಾಲಿ ಬಿದ್ದ ರನ್‌ವೇಗಳೂ ಮೋಟಾರ್ ರೇಸಿನವರ ಕೈಗೆ ಸಿಕ್ಕವು. ನಮ್ಮಲ್ಲೂ ಹಾಗೇ ಆಯ್ತು. ಮದ್ರಾಸಿನ ಹತ್ತಿರದ ಶೋಳಾವರಂ ಯುದ್ಧಕಾಲದ ರನ್‌ವೇ. 1990ರಲ್ಲಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬರೋವರೆಗೂ ಭಾರತದ ರೇಸ್ ಅಂದರೆ ಅದೇ. 1980ರ ದಶಕದ ಶುರುವಿನಲ್ಲಿ ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಗಾಡಿಯನ್ನ ಓಡಿಸಿದ್ದು ಅಲ್ಲೇ. (ಅದಕ್ಕೆ ಹಿಂದಿನ ಗಾಜೇ ಇಲ್ಲ ಬಿಡಿ, ನಮ್ಮ ಲೆಕ್ಕಕ್ಕೆ ಬರಲ್ಲ.) ಶೋಳಾವರಂನಲ್ಲಿ ಜನ ಹೆಚ್ಚು ಹಚ್ಚಿಕೊಂಡದ್ದು ಫಿಯೆಟ್ ಥರದ ಮನೆ ಕಾರುಗಳ ಓಟವನ್ನ.

ಈಗ ಲೆಕ್ಕ ಮಾಡೋಣ. ನೀವೆಲ್ಲ ಲೆಕ್ಕದವರು.

ಪದ್ಮಿನಿ ತೂಕ 900 ಕಿಲೋ ಹತ್ತಿರ, ಶಕ್ತಿ ಸುಮಾರು 40 ಅಶ್ವಶಕ್ತಿ. ಅಂದ್ರೆ ಒಂದು ಕುದುರೆಗೆ 22.5 ಕಿಲೋ. ಎಂಜಿನ್ನಿನಲ್ಲಿ ಒಂದು ಕುದುರೆ ಹೆಚ್ಚಿಸೋದಕ್ಕೂ ಮೈಯಿಂದ 22 ಕಿಲೋ ಇಳಿಸೋದಕ್ಕೂ ವೇಗ ಹಿಡಿಯೋ ವಿಷಯದಲ್ಲಿ ಹೆಚ್ಚು ಕಡಿಮೆ ಒಂದೇ ಫಲ. ಆ ಕಾಲದಲ್ಲಿ ಒಳ್ಳೇ ಕಾರ್ಬುರೇಟರ್ ಬೇಕು ಅಂದ್ರೆ ಆಮದು ಲೈಸೆನ್ಸು ಬೇಕು. ಸ್ಪ್ಯಾನರ್ ಹಿಡಿದು ಸೀಟು ಬಿಚ್ಚೋಕೆ ಯಾವ ಲೈಸೆನ್ಸೂ ಬೇಡ. ಬಡವರ ಟ್ಯೂನಿಂಗ್ ಅಂದ್ರೆ ಬಿಚ್ಚೋದೇ.

ಹಿಂದಿನ ಗಾಜಿನ ವಿಷಯಕ್ಕೆ ಬನ್ನಿ. ಅರ್ಧ ಚದರ ಮೀಟರ್ ವಿಸ್ತಾರ, 5 ಮಿ.ಮೀ. ದಪ್ಪ ಅಂತ ಇಟ್ಟುಕೊಳ್ಳಿ. ಗಾಜಿನ ಸಾಂದ್ರತೆ ಘನ ಮೀಟರಿಗೆ 2500 ಕಿಲೋ. ಗುಣಿಸಿದರೆ 6.25 ಕಿಲೋ. ಅದೇ ಜಾಗಕ್ಕೆ 4 ಮಿ.ಮೀ. ಪಾಲಿಕಾರ್ಬೊನೇಟ್, ಸಾಂದ್ರತೆ 1200. ಬರೋದು 2.4 ಕಿಲೋ. ಉಳಿತಾಯ ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ. ಪದ್ಮಿನಿ ಲೆಕ್ಕದಲ್ಲಿ ಒಂದು ಕುದುರೆಯ ಆರನೇ ಒಂದು ಭಾಗ. ಇಷ್ಟಕ್ಕೇನಾ ಇಷ್ಟೆಲ್ಲ ಗಲಾಟೆ ಅಂತ ಕೇಳ್ತೀರಿ. ಇದೊಂದೇ ಆದರೆ ಹೌದು, ವ್ಯರ್ಥ. ಆದರೆ ಸೀಟು, ಬಂಪರ್, ಸ್ಟೆಪ್ನಿ, ಬಾಗಿಲ ಒಳಗಿನ ಹಲಗೆ, ಪಕ್ಕದ ಗಾಜುಗಳು ಎಲ್ಲ ಸೇರಿ 70–80 ಕಿಲೋ ಇಳಿದರೆ ಮೂರೂವರೆ ಕುದುರೆ ಸಿಕ್ಕ ಹಾಗೆ. 40ರ ಮೇಲೆ ಮೂರೂವರೆ ದೊಡ್ಡದು. ಜೊತೆಗೆ ಗಾಜು ಇರೋದು ಕಾರಿನ ಮೇಲ್ಭಾಗದಲ್ಲಿ. ಅಲ್ಲಿನ ಭಾರ ಇಳಿದರೆ ಗುರುತ್ವ ಕೇಂದ್ರ ಕೆಳಗೆ ಬರುತ್ತೆ, ತಿರುವಿನಲ್ಲಿ ಗಾಡಿ ಕಡಿಮೆ ವಾಲುತ್ತೆ. ನೆಲದ ಕಾರ್ಪೆಟ್ಟಿನ ನಾಲ್ಕು ಕಿಲೋಗಿಂತ ಗಾಜಿನ ನಾಲ್ಕು ಕಿಲೋಗೆ ಬೆಲೆ ಹೆಚ್ಚು.

ಯುರೋಪಿನ ದೊಡ್ಡ ಕಂಪನಿಗಳೂ ಇದನ್ನೇ ಮಾಡಿದ್ದು. 1967ರ ಪೋರ್ಶೆ 911 ಆರ್ ಗಾಡಿಯಲ್ಲಿ ಗಾಜಿನ ಜಾಗಕ್ಕೆ ಪ್ಲೆಕ್ಸಿಗ್ಲಾಸ್ ಬಂತು. 2003ರ 911 ಜಿಟಿ3 ಆರ್‌ಎಸ್ ರಸ್ತೆ ಮೇಲೆ ಓಡಿಸಬಹುದಾದ ಗಾಡಿ, ಅದರ ಹಿಂದಿನ ಕಿಟಕಿ ಕಾರ್ಖಾನೆಯಿಂದಲೇ ಪಾಲಿಕಾರ್ಬೊನೇಟ್. ಹಿಂದಿನದೇ ಯಾಕೆ ಅಂದ್ರೆ, ಮುಂದಿನ ಗಾಜಿಗೆ ವೈಪರ್ ಓಡಬೇಕು. ಪ್ಲಾಸ್ಟಿಕ್ ಮೇಲೆ ವೈಪರ್ ನಾಲ್ಕು ಮಳೆ ಓಡಿದರೆ ಗೀರುಗಳ ಬಲೆ ಆಗುತ್ತೆ, ಎದುರಿನ ಲಾರಿ ಲೈಟು ಬಿದ್ದಾಗ ಏನೂ ಕಾಣಲ್ಲ. ಹಿಂದೆ ಆ ಕಷ್ಟ ಕಡಿಮೆ.

ಅಕ್ರಿಲಿಕ್ಕಿಗೆ ಒಂದು ದೋಷ ಇತ್ತು, ಏಟು ಬಿದ್ದರೆ ಚೂಪು ಚೂರಾಗಿ ಒಡೆಯುತ್ತೆ. ಆ ದೋಷ ಇಲ್ಲದ ಪಾಲಿಕಾರ್ಬೊನೇಟ್ 1953ರಲ್ಲಿ ಬಂತು, ಅದೂ ಎರಡು ಕಡೆ, ಬರೀ ಒಂದು ವಾರದ ಅಂತರದಲ್ಲಿ. ಜರ್ಮನಿಯ ಬಾಯರ್ ಕಂಪನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕಾದ ಜಿಇ ಕಂಪನಿಯಲ್ಲಿ ಡೇನಿಯಲ್ ಫಾಕ್ಸ್. ಫಾಕ್ಸ್ ಹುಡುಕ್ತಾ ಇದ್ದದ್ದು ತಂತಿಗೆ ಹಚ್ಚೋ ಇನ್ಸುಲೇಶನ್. ಸಿಕ್ಕಿದ್ದು ಕಲಕೋ ಕಡ್ಡಿಗೆ ಅಂಟಿಕೊಂಡು, ಕುಟ್ಟಿದರೂ ಒಡೆಯದ ಒಂದು ಮುದ್ದೆ. ಬಾಯರ್ ಅದನ್ನ ಮ್ಯಾಕ್ರೊಲಾನ್ ಅಂದಿತು, ಜಿಇ ಲೆಕ್ಸಾನ್ ಅಂದಿತು. ಚಂದ್ರನ ಮೇಲೆ ಇಳಿದವರ ಹೆಲ್ಮೆಟ್ಟಿನಲ್ಲೂ ಇದೇ ವಸ್ತು.

ಈ ಎರಡೂ ಕಂಪನಿ ನಿಮಗೆ ದೂರದ್ದಲ್ಲ. ಬಾಯರ್ ಥಾಣೆಯ ಕೋಲ್ಶೆಟ್ ರಸ್ತೆಯಲ್ಲಿ ದಶಕಗಳ ಕಾಲ ಕೀಟನಾಶಕ ಮಾಡಿತು. ಆ ಜಾಗವನ್ನ ಆಮೇಲೆ ಬಿಲ್ಡರಿಗೆ ಮಾರಿತು. ಕಂಪನಿಯ ಆಫೀಸು ಹೀರಾನಂದಾನಿ ಎಸ್ಟೇಟಿಗೆ ಬಂತು. ಇನ್ನು ಜಿಇ. ಜಾಕ್ ವೆಲ್ಚ್ 1960ರಲ್ಲಿ ಜಿಇ ಸೇರಿದ್ದು ಪಿಟ್ಸ್‌ಫೀಲ್ಡಿನ ಪ್ಲಾಸ್ಟಿಕ್ ವಿಭಾಗಕ್ಕೆ, ಕೆಮಿಕಲ್ ಎಂಜಿನಿಯರ್ ಆಗಿ. ಪ್ಲಾಸ್ಟಿಕ್ಕಿನಿಂದಲೇ ಮೇಲೆ ಬಂದ ಮನುಷ್ಯ. 2000ದಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಶುರುವಾದ ಜಿಇ ಸಂಶೋಧನಾ ಕೇಂದ್ರಕ್ಕೆ ಅವರ ಹೆಸರೇ ಇಟ್ಟರು. 2007ರಲ್ಲಿ ಪ್ಲಾಸ್ಟಿಕ್ ವ್ಯವಹಾರ ಸೌದಿಯ ಸಾಬಿಕ್ ಕಂಪನಿಗೆ ಹೋಯ್ತು, ಆ ಕಂಪನಿಯೂ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ಇಟ್ಟಿದೆ. ವೈಟ್‌ಫೀಲ್ಡ್ ಬಿಟ್ಟು ಐರೋಲಿಗೆ ಬಂದವರು ನಿಮ್ಮಲ್ಲಿ ಎಷ್ಟು ಜನವೋ, ಆ ಗೇಟಿನ ಮುಂದೆ ಟ್ರಾಫಿಕ್ಕಿನಲ್ಲಿ ನಿಂತವರು ಎಷ್ಟು ಜನವೋ.

ಪ್ಲಾಸ್ಟಿಕ್ಕಿನ ಕಥೆ ಆಯ್ತು. ಗಾಜಿಗೂ ನ್ಯಾಯ ಸಲ್ಲಬೇಕು.

1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಕೈಯಿಂದ ಒಂದು ಗಾಜಿನ ಫ್ಲಾಸ್ಕ್ ಬಿತ್ತು. ಒಡೆಯಿತು, ಆದರೆ ಚದುರಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಚೂರುಗಳನ್ನ ಹಿಡಿದುಕೊಂಡಿತ್ತು. 1909ರಲ್ಲಿ ಪೇಟೆಂಟ್. ಇವತ್ತಿನ ಮುಂದಿನ ಗಾಜು, ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪದರ, ಅದರ ವಂಶಸ್ಥ. ಅಂದ್ರೆ ನಿಮ್ಮ ವಿಂಡ್‌ಶೀಲ್ಡಿನಲ್ಲಿ ಪ್ಲಾಸ್ಟಿಕ್ ಆಗಲೇ ಇದೆ.

ಹಿಂದಿನ ಗಾಜಿನದು ಬೇರೆ ಜಾತಿ. ಗಾಜನ್ನ 600 ಡಿಗ್ರಿ ದಾಟಿಸಿ ಕಾಯಿಸಿ, ತಕ್ಷಣ ಗಾಳಿ ಊದಿ ಮೇಲ್ಮೈಯನ್ನ ಆರಿಸ್ತಾರೆ. ಹೊರಗಿನ ಪದರ ಒತ್ತಡದಲ್ಲಿ, ಒಳಗಿನದು ಎಳೆತದಲ್ಲಿ ಸಿಕ್ಕಿಕೊಳ್ಳುತ್ತೆ. ಇದೇ ಟಫನ್ಡ್ ಗಾಜು. ಸಾಧಾರಣ ಗಾಜಿಗಿಂತ ಗಟ್ಟಿ, ಆದರೆ ಒಂದು ಚೂಪು ಮೊನೆ ಒಳಗಿಳಿದರೆ ಇಡೀ ಹಾಳೆ ಒಂದೇ ಕ್ಷಣದಲ್ಲಿ ಜೋಳದ ಕಾಳಿನ ಹಾಗೆ ಉದುರಿ ಹೋಗುತ್ತೆ. ಇದನ್ನ ದೌರ್ಬಲ್ಯ ಅನ್ಕೋಬೇಡಿ. ಬೇಕು ಅಂತಲೇ ಹಾಗೆ ಮಾಡಿರೋದು. ಈ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ನಮ್ಮ ದೇಶದಲ್ಲಿ ಬಹಳ ಕಾಲ ಹಾಳೆ ಗಾಜು ಅಂದ್ರೆ ಅಲೆ ಅಲೆಯಾಗಿ ಕಾಣೋದು. ಹಳೇ ಮನೆ ಕಿಟಕಿಯಲ್ಲಿ ಹೊರಗಿನ ತೆಂಗಿನ ಮರ ಕುಣಿಯುತ್ತಲ್ಲ, ಅದು. ಕರಗಿದ ತವರದ ಮೇಲೆ ಗಾಜನ್ನ ತೇಲಿಸಿ ಮಟ್ಟ ಮಾಡೋ ಫ್ಲೋಟ್ ವಿಧಾನವನ್ನ ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್ಟನ್ 1950ರ ದಶಕದಲ್ಲಿ ಕಂಡುಹಿಡಿದರು. ಅದು ಭಾರತಕ್ಕೆ ಬಂದದ್ದು 1990ರ ದಶಕದಲ್ಲಿ. ಮೊದಮೊದಲ ಕಾರ್ಖಾನೆಗಳಲ್ಲಿ ಒಂದು ಎಲ್ಲಿ ಗೊತ್ತಾ? ತಳೋಜಾದಲ್ಲಿ. ಖಾರ್ಘರ್ ಪಕ್ಕದಲ್ಲೇ. ಜಪಾನಿನ ಅಸಾಹಿ ಮತ್ತು ಟಾಟಾ ಜೊತೆಗೂಡಿ ಕಟ್ಟಿದ ಫ್ಲೋಟ್‌ಗ್ಲಾಸ್ ಇಂಡಿಯಾ. ಆಮೇಲೆ ಅದು ಅಸಾಹಿ ಇಂಡಿಯಾ ಒಳಗೆ ಸೇರಿತು. ಮೆಟ್ರೋದಲ್ಲಿ ಪೆಂಢರ್ ಕಡೆ ಹೋಗೋರು ಆ ಕೈಗಾರಿಕಾ ಪ್ರದೇಶದ ಅಂಚಿಗೇ ಇಳಿಯೋದು.

ಇತ್ತ ಡೊಂಬಿವಲಿ ಕಡೆ. ಅದೇ ಪ್ರೀಮಿಯರ್ ಕಂಪನಿಗೆ ಕುರ್ಲಾ ಅಲ್ಲದೆ ಇಲ್ಲೂ ಒಂದು ಕಾರ್ಖಾನೆ ಇತ್ತು, ಕಲ್ಯಾಣ ಕಾರ್ಖಾನೆ ಅಂತ ಕರೀತಿದ್ದರು. (ಕಲ್ಯಾಣ ಅಂದ ತಕ್ಷಣ ನಮಗೆ ಬಸವಣ್ಣನ ಕಲ್ಯಾಣ ನೆನಪಾಗೋದು ಸಹಜ, ಇದು ಲೋಕಲ್ ಟ್ರೈನಿನ ಕಲ್ಯಾಣ.) 1990ರ ದಶಕದ ಮಧ್ಯದಲ್ಲಿ ಫ್ರಾನ್ಸಿನ ಪೂಜೋ ಜೊತೆ ಸೇರಿ ಅಲ್ಲಿ ಪೂಜೋ 309 ಮಾಡಿದರು. ಯುರೋಪಿನಲ್ಲಿ 1985ರಲ್ಲಿ ಬಂದ ಕಾರು ಇಲ್ಲಿಗೆ ಹತ್ತು ವರ್ಷ ತಡವಾಗಿ. ಆದರೂ ಅದರ ಸಸ್ಪೆನ್ಷನ್ನನ್ನ ಹೊಗಳೋ ಹಳಬರು ಈಗಲೂ ಸಿಗ್ತಾರೆ. ಕಾರ್ಮಿಕರ ತಗಾದೆ, ಪಾಲುದಾರರ ತಗಾದೆ, ಕೆಲವೇ ವರ್ಷದಲ್ಲಿ ಪೂಜೋ ಹೊರಟುಹೋಯ್ತು. ಕಾರು ಕೊಂಡವರು ಅನಾಥರಾದರು.

ಇಲ್ಲಿ ನಮ್ಮ ವಿಷಯ ಹೊಸ ಮುಖ ತೋರಿಸುತ್ತೆ. 309ರ ಬೆನ್ನಿಗೆ ದೊಡ್ಡ ಬಾಗಿದ ಗಾಜು. ಟಫನ್ಡ್ ಗಾಜನ್ನ ಒಮ್ಮೆ ಹದ ಮಾಡಿದ ಮೇಲೆ ಕತ್ತರಿಸೋಕೆ ಆಗಲ್ಲ, ಉದುರಿ ಹೋಗುತ್ತೆ. ಮೊದಲೇ ಅಳತೆಗೆ ಕತ್ತರಿಸಿ, ಅಚ್ಚಿನಲ್ಲಿ ಬಗ್ಗಿಸಿ, ಆಮೇಲೆ ಹದ ಮಾಡಬೇಕು. ಕಾರು ನಿಂತರೆ ಅಚ್ಚೂ ನಿಲ್ಲುತ್ತೆ. ಹಿಂದಿನ ಗಾಜು ಒಡೆದರೆ ಕುರ್ಲಾ ಸಿಎಸ್‌ಟಿ ರಸ್ತೆಯ ಗುಜರಿ ಸಾಲಿನಲ್ಲಿ ಇನ್ನೊಂದು ಸತ್ತ ಕಾರು ಹುಡುಕಬೇಕು. ಸಿಗದಿದ್ದರೆ ಬೋರ್ಡು ಮಾಡೋ ಅಂಗಡಿಯ ಪ್ಲಾಸ್ಟಿಕ್ ಹಾಳೆಯೇ ಗತಿ. ರೇಸಿನವರಿಗೆ ಹಗುರ ಬೇಕು ಅಂತ ಪ್ಲಾಸ್ಟಿಕ್, ಇವರಿಗೆ ಬೇರೆ ದಾರಿ ಇಲ್ಲ ಅಂತ ಪ್ಲಾಸ್ಟಿಕ್. ನನಗೆ ಎರಡನೆಯವರ ಮೇಲೆ ಮರುಕ ಹೆಚ್ಚು.

ಇನ್ನು ಪ್ಲಾಸ್ಟಿಕ್ ಹಿಂಗಿಟಕಿಯನ್ನ ದಿನಾ ನೋಡೋದು ಬೇಡವೇ ಬೇಡ ಅಂದ್ರೂ ಆಗಲ್ಲ. ಡೊಂಬಿವಲಿ ಸ್ಟೇಷನ್ ಹೊರಗೆ ಶೇರ್ ಆಟೋ ಹತ್ತಿದರೆ ತಲೆ ಹಿಂದೆ ರೆಕ್ಸಿನ್ ಹುಡ್ಡಿಗೆ ಹೊಲಿದ ಪಾರದರ್ಶಕ ಹಾಳೆ. ಎರಡು ಬೇಸಿಗೆ ಕಳೆಯೋದರಲ್ಲಿ ಹಳದಿಗೆ ತಿರುಗಿ, ಮಡಿಕೆ ಬಿದ್ದ ಕಡೆ ಬಿಳಿ ಗೆರೆ. ನಮ್ಮ ಬೆಂಗಳೂರಿನಲ್ಲಾದರೆ ಆ ಜಾಗದಲ್ಲಿ ಶಂಕರ್‌ನಾಗ್ ಇರ್ತಾರೆ, ಹಿಂದಿನ ರಸ್ತೆ ಕಾಣದಿದ್ದರೂ ಪರವಾಗಿಲ್ಲ ಅಂತ. 1980ರ 'ಆಟೋ ರಾಜ' ಸಿನಿಮಾದ ಋಣ ಅದು.

ಪಾಲಿಕಾರ್ಬೊನೇಟ್ ಕೂಡ ಬಿಸಿಲಿಗೆ ಹಳದಿ ಆಗುತ್ತೆ, ಮೇಲೆ ಯುವಿ ಲೇಪನ ಇಲ್ಲದಿದ್ದರೆ. ಪೆಟ್ರೋಲ್ ಆವಿ, ಅಸಿಟೋನ್, ಅಮೋನಿಯಾ ಇರೋ ಗಾಜು ಒರೆಸೋ ದ್ರಾವಣ, ಇವು ತಾಗಿದರೆ ಸಣ್ಣ ಸಣ್ಣ ಬಿರುಕು. ಇನ್ನೊಂದು ವಿಷಯ ಹಾಕಿದವರು ಮರೆಯೋದು: ಹಿಗ್ಗೋದು. 1.1 ಮೀಟರ್ ಉದ್ದದ ಹಾಳೆ ಬೆಳಗಿನ 15 ಡಿಗ್ರಿಯಿಂದ ಮಧ್ಯಾಹ್ನದ ಬಿಸಿಲಲ್ಲಿ 65 ಡಿಗ್ರಿಗೆ ಹೋದರೆ ಸುಮಾರು ಮೂರೂವರೆ ಮಿ.ಮೀ.ಗಿಂತ ಹೆಚ್ಚು ಉದ್ದ ಆಗುತ್ತೆ. ಗಾಜಾದರೆ ಅರ್ಧ ಮಿ.ಮೀ. ಬೋಲ್ಟಿಗೆ ಬಿಗಿಯಾದ ತೂತು ಕೊರೆದಿದ್ದರೆ ಬಿರುಕು ಅಲ್ಲಿಂದಲೇ ಶುರು. ತೂತು ದೊಡ್ಡದಿರಬೇಕು, ನಡುವೆ ರಬ್ಬರ್ ವಾಷರ್ ಬೇಕು. ಗಾಜಿನ ಮೇಲೆ ಇರೋ ಡಿಫಾಗರ್ ಗೆರೆಗಳು ಇದರಲ್ಲಿ ಇರಲ್ಲ. ಜುಲೈ ತಿಂಗಳಲ್ಲಿ ಕಲ್ಯಾಣ–ಶಿಳ್ ರಸ್ತೆಯಲ್ಲಿ ಓಡಿಸೋರಿಗೆ ಅದರ ಅರ್ಥ ವಿವರಿಸಬೇಕಾಗಿಲ್ಲ.

ಈಗ ಆಗಲೇ ನೆನಪಿಟ್ಟುಕೊಳ್ಳಿ ಅಂದ ಮಾತು.

2013ರ ಅಕ್ಟೋಬರ್ 30ರ ಬೆಳಗಿನ ಜಾವ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗ್ತಿದ್ದ ಎಸಿ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಗೆ ಬಡಿದು ಹೊತ್ತಿಕೊಂಡಿತು. 45 ಜನ ಹೋದರು. ದೀಪಾವಳಿಗೆ ಊರಿಗೆ ಹೊರಟಿದ್ದವರು, ಅದರಲ್ಲಿ ಐಟಿ ಕೆಲಸದವರೂ ಇದ್ದರು. ಎರಡು ವಾರ ಕಳೆಯುತ್ತಿದ್ದ ಹಾಗೇ, ನವೆಂಬರ್ 14ರಂದು, ಹಾವೇರಿ ಹತ್ತಿರ ಇನ್ನೊಂದು. ಅದು ಬೆಂಗಳೂರು–ಮುಂಬೈ ಬಸ್ಸು, ನೀವು ಹಬ್ಬಕ್ಕೆ ಹತ್ತೋ ದಾರಿಯದೇ. ಏಳು ಜನ. ತೆರೆಯೋಕಾಗದ ಕಿಟಕಿಗಳ ಎಸಿ ಬಸ್ಸಿನಲ್ಲಿ ಬಾಗಿಲು ಸಿಗದಾಗ ದಾರಿ ಒಂದೇ, ಗಾಜು ಒಡೆಯೋದು. ಆ ಸಣ್ಣ ಕೆಂಪು ಸುತ್ತಿಗೆ ಇರೋದು ಅದಕ್ಕೇ. ಅದು ಕೆಲಸ ಮಾಡೋದು ಗಾಜು ಕಾಳಾಗಿ ಉದುರೋದರಿಂದ. ಅದೇ ಸುತ್ತಿಗೆಯಲ್ಲಿ ಪಾಲಿಕಾರ್ಬೊನೇಟಿಗೆ ಹೊಡೆದರೆ ಪುಟಿದು ವಾಪಸ್ ಬರುತ್ತೆ. ಲೆಕ್ಸಾನ್ ಮಾರೋರು ಹೆಮ್ಮೆಯಿಂದ ಹೇಳೋ ಗುಣ, ಒಳಗಿರೋನ ಕಡೆಯಿಂದ ನೋಡಿದರೆ ಗೋಡೆ. ಕಾರು ಪಕ್ಕಕ್ಕೆ ಉರುಳಿ ಬಾಗಿಲು ಸಿಕ್ಕಿಹಾಕಿಕೊಂಡರೆ ಹಿಂದಿನ ಕಿಟಕಿ ಒಂದು ದಾರಿ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಲ್ಲಿ ಸಿಕ್ಕರೂ ಅಷ್ಟೇ.

ಕಾನೂನು ಬೇಗ ಹೇಳಿ ಮುಗಿಸ್ತೀನಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಕಿಟಕಿಗಳಿಗೆಲ್ಲ ಸೇಫ್ಟಿ ಗ್ಲಾಸ್ ಇರಬೇಕು ಅಂದಿತು. ಮುಂದೆ, ಹಿಂದೆ ಕನಿಷ್ಠ ಶೇ. 70 ಬೆಳಕು ಒಳಗೆ ಬರಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಷೇಧಿಸಿದ್ದು ಇದೇ ನಿಯಮದ ಆಧಾರದ ಮೇಲೆ. 2020ರ ತಿದ್ದುಪಡಿಯಲ್ಲಿ, 2021ರ ಏಪ್ರಿಲ್‌ನಿಂದ, ಗಾಜಿನ ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಅನ್ನೋ ಮಾತೂ ಸೇರಿತು, ಅಂದ್ರೆ ಒಳಮೈಗೆ ಪ್ಲಾಸ್ಟಿಕ್ ಪದರ ಇರೋ ಗಾಜು. 2024ರಲ್ಲಿ ಕೇರಳ ಹೈಕೋರ್ಟ್ ಆ ಮಾತನ್ನೇ ಹಿಡಿದು ಮಿತಿಯೊಳಗಿನ ಫಿಲ್ಮ್‌ಗೆ ಅವಕಾಶ ಕೊಟ್ಟಿತು. ಇದನ್ನ ಓದಿ "ಹಾಗಾದ್ರೆ ಪೂರ್ತಿ ಪ್ಲಾಸ್ಟಿಕ್ಕೂ ನಡೆಯುತ್ತೆ" ಅಂತ ಹಿಗ್ಗೋರಿಗೆ ಒಂದು ಮಾತು: ಪದರ ಇರೋ ಗಾಜು ಬೇರೆ, ಬೋರ್ಡಂಗಡಿಯ ಹಾಳೆ ಬೇರೆ. ಜೊತೆಗೆ 1988ರ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನ ಬಿಗಿಯಾಗೇ ಓದಿತು.

ನನ್ನ ಅಭಿಪ್ರಾಯ ಕೇಳಿದರೆ, ಟ್ರೇಲರ್ ಮೇಲೆ ಟ್ರ್ಯಾಕಿಗೆ ಹೋಗಿ ಟ್ರೇಲರ್ ಮೇಲೆ ವಾಪಸ್ ಬರೋ ಗಾಡಿಗೆ ಧಾರಾಳವಾಗಿ ಹಾಕಿ. ಅಲ್ಲಿ ರೋಲ್ ಕೇಜ್ ಇದೆ, ಬೆಂಕಿ ಆರಿಸೋ ಸಿಲಿಂಡರ್ ಇದೆ, ಟ್ರ್ಯಾಕ್ ಪಕ್ಕ ಮಾರ್ಷಲ್‌ಗಳು ನಿಂತಿರ್ತಾರೆ. ಸೋಮವಾರ ಅದೇ ಗಾಡಿಯಲ್ಲಿ ಹೆಂಡತಿ, ಮಗು ಕೂರಿಸಿಕೊಂಡು ಪನ್ವೇಲ್ ಕಡೆ ಹೋಗೋದಿದ್ದರೆ ಆ ನಾಲ್ಕು ಕಿಲೋ ಹೊತ್ತುಕೊಂಡೇ ಹೋಗಿ. ಡಿಕ್ಕಿಯಲ್ಲಿ ಮರೆತು ಬಿಟ್ಟಿರೋ ಐದು ಲೀಟರಿನ ನೀರಿನ ಕ್ಯಾನು ತೆಗೆದರೆ ಅದಕ್ಕಿಂತ ಹೆಚ್ಚು ಇಳಿಯುತ್ತೆ.

ಇವತ್ತು ಕೆಳಗೆ ಪಾರ್ಕಿಂಗಿಗೆ ಹೋದಾಗ ನಿಮ್ಮ ಕಾರಿನ ಹಿಂದಿನ ಗಾಜಿನ ಮೂಲೆ ನೋಡಿ. ಬೆರಳಗಲದ ಜಾಗದಲ್ಲಿ ಸಣ್ಣ ಅಕ್ಷರಗಳಿರ್ತವೆ: ಐಎಸ್‌ಐ ಗುರುತು, ಐಎಸ್ 2553 ಅನ್ನೋ ಸಂಖ್ಯೆ, ತಯಾರಕರ ಹೆಸರು. ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳೋವಾಗಲೂ ಆರೂ ಗಾಜುಗಳ ಮೂಲೆ ನೋಡಿ. ಐದರಲ್ಲಿ ಒಂದೇ ಹೆಸರಿದ್ದು ಹಿಂದಿನದರಲ್ಲಿ ಮಾತ್ರ ಬೇರೆ ಇದ್ದರೆ ಗಾಡಿಯನ್ನ ಹಿಂದಿನಿಂದ ಯಾರೋ ಗುದ್ದಿರಬಹುದು, ಕೇಳಿ. ಏನೂ ಬರೆದಿಲ್ಲ, ಉಗುರಿನಿಂದ ತಟ್ಟಿದರೆ ಠಣ್ ಅನ್ನೋ ಬದಲು ಡಬ್ ಅಂತು ಅಂದ್ರೆ ಅದು ಗಾಜಲ್ಲ.